ಒಂದೇ ಒಂದು ಮೆಟ್ಟಿಲು

ಜಪಾನಿನ ಮತ್ಸುಮೋಟೊ ಊರಿನಲ್ಲಿ ನಲವತ್ತು ವರ್ಷ ಬಡಗಿಯಾಗಿದ್ದವನು ನಾನು. ಹೊಸ್ತಿಲು ಕೂರಿಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ಹೆಸರು ಪಡೆದವನು. ಈಗ ಆ ಹೊಸ್ತಿಲುಗಳೆಲ್ಲ ಸೇರಿಕೊಂಡು ನನ್ನ ಮೇಲೆ ಹಗೆ ಸಾಧಿಸುತ್ತಿವೆ. ಒಂಬತ್ತು ವರ್ಷದ ಹಿಂದೆ ಬೆನ್ನುಹುರಿಯ ಕಾಯಿಲೆಯಿಂದ ನನ್ನ ಹೆಂಡತಿ ನಮಿಕೊಳ ಕಾಲುಗಳು ಸೋತವು. ಅಂದಿನಿಂದ ಗಾಲಿಕುರ್ಚಿಯೇ ಅವಳ ಓಡಾಟ. ಇನ್ನೊಮ್ಮೆ ಬಿಸಿನೀರ ಬುಗ್ಗೆಯಲ್ಲಿ ಕತ್ತಿನವರೆಗೆ ಮುಳುಗಿ ಕೂರಬೇಕೆಂಬುದು ಅವಳ ಆಸೆ. ಅದಕ್ಕೊಂದು ಷರತ್ತು: ಅವಳನ್ನು ಯಾರೂ ಎತ್ತಕೂಡದು.

ಅಂಥ ಕೋಣೆಯನ್ನು ಹುಡುಕುವ ಘನಕಾರ್ಯಕ್ಕೆ ನನ್ನನ್ನು ನಾನೇ ನೇಮಿಸಿಕೊಂಡೆ. ಹದಿನೇಳು ಪ್ರಶ್ನೆಗಳ ಪಟ್ಟಿ ಬರೆದು, ಒಂದೊಂದೇ ವಸತಿಗೃಹಕ್ಕೆ ಫೋನ್ ಹಚ್ಚಿದೆ.

"ಮೆಟ್ಲು ಇದೆಯೇನ್ರೀ?"

"ಇಲ್ವೇ ಇಲ್ಲ ಸಾರ್."

"ಮುಂಬಾಗಿಲಲ್ಲಿ?"

"ಅಲ್ಲಿ ಒಂದೇ ಒಂದು."

"ಸ್ನಾನದ ಕೋಣೇಲಿ?"

"ಅಲ್ಲೂ ಒಂದೇ ಒಂದು. ಯೋಚ್ನೆ ಬೇಡಿ ಸಾರ್, ನಮ್ಮಲ್ಲಿ ನಾಲ್ಕು ಜನ ಗಟ್ಟಿ ಆಳುಗಳಿದಾರೆ. ಅಮ್ಮಾವ್ರನ್ನ ಹೂವಿನ ಹಾಗೆ ಎತ್ಕೊಂಡ್ಹೋಗ್ತಾರೆ."

ಹನ್ನೊಂದು ಕಡೆ ಇದೇ ಉತ್ತರ. (ಗಿರಾಕಿಗೆ 'ಆಗೋದಿಲ್ಲ' ಎನ್ನುವ ಬದಲು ಬೆಟ್ಟವನ್ನೇ ಒಂದು ಮೆಟ್ಟಿಲು ಎಂದುಬಿಡುವ ಸಭ್ಯಸ್ಥರು ನಾವು.) ನನಗೂ ಸಾಕಾಯಿತು.

"ಹೋಗ್ಲಿ ಬಿಡೇ, ಎತ್ಕೊಂಡ್ರೆ ಏನಾಯ್ತು? ಪುಕ್ಕಟೆ ಪಲ್ಲಕ್ಕಿ ಉತ್ಸವ!" ಎಂದೆ.

ಮೂಲಂಗಿ ಹೆಚ್ಚುತ್ತಿದ್ದ ನಮಿಕೊ ಚಾಕು ಕೆಳಗಿಟ್ಟಳು. "ನಿಮ್ಮನ್ನ ಒಂದ್ಸಲ ನಾಲ್ಕು ಜನ ಎತ್ಲಿ, ಆಮೇಲೆ ಮಾತಾಡಿ. ಯಾರ್‍ಯಾರ ಬೆವರಿನ ವಾಸ್ನೆಯೋ, ಯಾರ ಕೈ ಎಲ್ಲಿರತ್ತೋ! ಅದರ ಮೇಲೆ ಒಬ್ಬೊಬ್ಬರಿಗೂ ತಲೆ ಬಗ್ಗಿಸಿ ಉಪಕಾರವಾಯ್ತು ಅನ್ಬೇಕು."

ಹನ್ನೆರಡನೆಯ ನಂಬರ್ ಒತ್ತಿದೆ.

ಅದು ಬೆಟ್ಟದ ಮೇಲಿನ ಒಂದು ಸಣ್ಣ ವಸತಿಗೃಹ. ಒಡತಿ ಹಿರಾಬಾಯಶಿ ನನ್ನ ಹದಿನೇಳು ಪ್ರಶ್ನೆಗಳಿಗೂ ಸೆಂಟಿಮೀಟರ್ ಲೆಕ್ಕದಲ್ಲೇ ಉತ್ತರ ಕೊಟ್ಟರು. ಬಾಗಿಲು ತೊಂಬತ್ತು, ಹೊಸ್ತಿಲು ಸೊನ್ನೆ. ಗಾಲಿಕುರ್ಚಿಯಲ್ಲೇ ತೊಟ್ಟಿಯೊಳಕ್ಕೆ ಇಳಿಯಲು ಇಳಿಜಾರು, ಎರಡೂ ಕಡೆ ಹಿಡಿಕೆ. ಅಪಾಯವಾದರೆ ಎಳೆಯಲು ಕೆಂಪು ಹಗ್ಗ. ಎಳೆದ ಎರಡು ನಿಮಿಷದೊಳಗೆ ಜನ ಹಾಜರು.

ಬಡಗಿ ಬುದ್ಧಿ, ಸುಮ್ಮನೆ ನಂಬೀತೆ? ಅವರು ಹೇಳಿದ ಅಳತೆಗೆ ಸರಿಯಾಗಿ ನಮ್ಮ ಮನೆಯ ನೆಲಕ್ಕೆ ಟೇಪು ಅಂಟಿಸಿ, ಒಂದು ವಾರ ನಮಿಕೊಳಿಂದ ತಾಲೀಮು ಮಾಡಿಸಿದೆ. ಅವಳ ಗಾಲಿ ಎಲ್ಲೂ ತಾಗಲಿಲ್ಲ, ನನ್ನ ಕಾಲಿಗೆ ಮಾತ್ರ ಮೂರು ಸಲ ತಾಗಿತು.

"ಈ ಕೋಣೇಲಿ ಅಡ್ಡ ಇರೋದು ನೀವೊಬ್ರೇ ಕಣ್ರೀ," ಎಂದಳು.

ಕೊನೆಗೂ ಆ ದಿನ ಬಂತು. ಸಂಜೆ ನಾಲ್ಕರಿಂದ ಐದರವರೆಗೆ ಸ್ನಾನದ ಕೋಣೆ ನಮ್ಮಿಬ್ಬರಿಗೇ ಮೀಸಲು. ಬಾಗಿಲು ಸರಿಸಿದರೆ ಒಳಗೆಲ್ಲ ಆವಿ. ನಮಿಕೊ ಒಂಬತ್ತು ವರ್ಷದ ಆಸೆಯನ್ನೆಲ್ಲ ಕಣ್ಣಲ್ಲಿ ತುಂಬಿಕೊಂಡು ಗಾಲಿಗೆ ಕೈ ಹಾಕಿದಳು.

"ತಾಳು!" ಎಂದೆ. "ಸೊನ್ನೆ ಅಂದಿದಾರೆ. ನಿಜವಾಗ್ಲೂ ಸೊನ್ನೆನಾ ನೋಡ್ಬಿಡ್ತೀನಿ."

"ರೀ, ಗಂಟೆ ಮುಗಿದುಹೋಗತ್ತೆ!"

ನಾನು ಆಗಲೇ ಬಾಗಿಲಿನ ನಡುವೆ ಬಗ್ಗಿ ಅಳೆಯುತ್ತಿದ್ದೆ. "ನಾಲ್ಕು ಮಿಲಿಮೀಟರ್! ಸಿಕ್ಕಿಬಿದ್ರು!" ಎಂದು ವಿಜಯೋತ್ಸಾಹದಿಂದ ಮೇಲೇಳಹೊರಟೆ. ಸೊಂಟ ಕಳಕ್ ಎಂದಿತು. ಏಳಲೂ ಆಗದು, ಕೂರಲೂ ಆಗದು. ತೊಂಬತ್ತು ಸೆಂಟಿಮೀಟರ್ ಬಾಗಿಲಿಗೆ ಅಡ್ಡಲಾಗಿ ಉರುಳಿಕೊಂಡೆ. ಆ ಇಡೀ ವಸತಿಗೃಹದಲ್ಲಿ ಇದ್ದ ಒಂದೇ ಒಂದು ಮೆಟ್ಟಿಲು ಈಗ ನಾನೇ.

ನಮಿಕೊ ತಣ್ಣಗೆ ಬಾಗಿಲ ಪಕ್ಕದಲ್ಲಿ ತೂಗುತ್ತಿದ್ದ ಕೆಂಪು ಹಗ್ಗ ಎಳೆದಳು. ಒಡತಿಯ ಹಿಂದೆ ನಾಲ್ಕು ಜನ ಗಟ್ಟಿ ಆಳುಗಳು ಓಡಿಬಂದರು. (ಒಂದು ನಿಮಿಷ ಐವತ್ತು ಸೆಕೆಂಡ್. ಆ ನೋವಿನಲ್ಲೂ ಗಡಿಯಾರ ನೋಡಿದೆ.)

"ಹೂವಿನ ಹಾಗೆ ಎತ್ರಪ್ಪ," ಎಂದಳು ನನ್ನ ಧರ್ಮಪತ್ನಿ.

"ಯೊಯ್‌ಷೊ! ಯೊಯ್‌ಷೊ!" ಎನ್ನುತ್ತ ಹೊತ್ತರು. ಒಬ್ಬನ ಬಾಯಲ್ಲಿ ಬೆಳ್ಳುಳ್ಳಿ, ಇನ್ನೊಬ್ಬನ ಕೈ ನನ್ನ ತೊಡೆಯ ಕೆಳಗೆ. ನಿಲುವಂಗಿ ಸಡಿಲವಾಗಿ ನನ್ನ ಮಾನ ಗಾಳಿಗೆ ತೂಗಾಡಿತು. ಎದುರು ಬಂದ ಅತಿಥಿಗಳು ಮರ್ಯಾದೆಯಿಂದ ಗೋಡೆ ನೋಡಿದರು. ಅವರು ನಕ್ಕಿದ್ದರೇ ವಾಸಿಯಿತ್ತು. ಇದನ್ನೇ ಅಲ್ಲವೇ ನಾನು ಪುಕ್ಕಟೆ ಪಲ್ಲಕ್ಕಿ ಎಂದದ್ದು? ನಾಚಿಕೆಯಿಂದ ಕುಗ್ಗಿಹೋದೆ. ಹಾಸಿಗೆಯಲ್ಲಿ ಇಳಿಸಿದ ಮೇಲೆ ನಾಲ್ವರಿಗೂ ಬೇರೆಬೇರೆಯಾಗಿ ಉಪಕಾರವಾಯಿತು ಎಂದೆ. ತಲೆ ಬಗ್ಗಿಸಲು ಮಾತ್ರ ಆಗಲಿಲ್ಲ.

ಐದು ಗಂಟೆ ದಾಟಿದ ಮೇಲೆ ನಮಿಕೊ ಬಂದಳು. ಕೆನ್ನೆ ಕೆಂಪಾಗಿತ್ತು, ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಕತ್ತಿನವರೆಗೂ?" ಎಂದೆ.

"ಕತ್ತಿನವರೆಗೂ. ನಾನೇ ಇಳಿದೆ, ನಾನೇ ಹತ್ತಿದೆ. ಒಡತಿ ಬಾಗಿಲ ಹೊರಗೇ ನಿಂತಿದ್ರು, ನಾನವರನ್ನ ಕರೀಲೇ ಇಲ್ಲ."

ನನ್ನ ಕಣ್ಣು ತುಂಬಿಬಂತು. ಅವಳು ನೋಡದಿರಲಿ ಎಂದು ಮಗ್ಗುಲಾಗಹೋದರೆ ಸೊಂಟ ಬಿಡಲಿಲ್ಲ.

"ಉತ್ಸವ ಹೇಗಿತ್ರೀ?" ಎಂದಳು.

ಮುಂದಿನ ವಸಂತಕ್ಕೆ ಅವಳಿಗೆ ಕಡಲ ತೀರದ ಬುಗ್ಗೆ ಬೇಕಂತೆ. ನಿನ್ನೆ ಹುಡುಕಲು ಕೂತು ಪಟ್ಟಿ ತೆಗೆದರೆ, ನನ್ನ ಹದಿನೇಳರ ಕೆಳಗೆ ಅವಳ ದುಂಡು ಅಕ್ಷರದಲ್ಲಿ ಹದಿನೆಂಟನೆಯ ಪ್ರಶ್ನೆ ಸೇರಿತ್ತು: 'ಯಜಮಾನರನ್ನು ಹೊರಲು ನಿಮ್ಮಲ್ಲಿ ಎಷ್ಟು ಜನ ಇದ್ದೀರಿ?'

ಫೋನ್ ಮಾಡಿ ಅದನ್ನು ಕೇಳಬೇಕಾದವನೂ ನಾನೇ.