ಜ್ವರಕ್ಕೆ ಕೂತ ಅತ್ತೆ

ನಮ್ಮ ಸೋದರತ್ತೆಯ ಕಣ್ಣಿಗೆ ಮನುಷ್ಯರೆಲ್ಲ ಹುಳುಗಳು! ಬೈಗುಳವಲ್ಲ ಸ್ವಾಮಿ, ಅದಕ್ಕಿಂತ ದೊಡ್ಡ ಮರ್ಯಾದೆ ಅವರ ಬಳಿ ಇಲ್ಲ. ಮೇಲೂರಿನಲ್ಲಿ ರೇಷ್ಮೆಹುಳು ಸಾಕಿಯೇ ಅವರ ತಲೆ ನರೆತದ್ದು. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಘಮಘಮ ಸೆಂಟು ಹಾಕಿಕೊಂಡು ಬಂದಾಗ, "ಹುಳಕ್ಕೆ ಆಗಲ್ಲಪ್ಪ, ಅಲ್ಲೇ ನಿಂತ್ಕೋ" ಎಂದು ಹೊಸ ಅಳಿಯನಿಗೆ ಬೇವಿನ ಮರದಡಿಯಲ್ಲೇ ಕಾಫಿ ಕೊಟ್ಟರು!

ಇಂಥ ಅತ್ತೆ ಹೋದ ಬೇಸಿಗೆಯಲ್ಲಿ ಸ್ವೆಟರ್ ಹಾಕಿಕೊಂಡು ಓಡಾಡತೊಡಗಿದರು. ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಲೇ ತೂಕಡಿಕೆ. ಕೇಳಿದರೆ, "ಏನಿಲ್ಲ ಕಣೇ, ಜ್ವರಕ್ಕೆ ಕೂತಿದ್ದೀನಿ, ಏಳ್ತೀನಿ ಬಿಡು" ಎಂದರು. ಹುಳುಗಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿ ಸುಮ್ಮನೆ ಕೂರುತ್ತವಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳು ಒಂದು ದಿನಕ್ಕೆ ಏಳುತ್ತದೆ. ಅತ್ತೆ ಎರಡು ತಿಂಗಳಾದರೂ ಏಳಲಿಲ್ಲ.

ಚಿಂತಾಮಣಿಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ರಕ್ತಪರೀಕ್ಷೆ ನೋಡಿ ಅವರು, "ಥೈರಾಯ್ಡ್ ಸ್ವಲ್ಪ ಮಂದ ಆಗಿದೆಯಮ್ಮ, ಸ್ವಲ್ಪವೇ. ಆದ್ರೆ ಕೊಲೆಸ್ಟ್ರಾಲೂ ಏರಿದೆ. ಹಾಗೇ ಬಿಟ್ರೆ ಹೃದಯಕ್ಕೆ ತೊಂದರೆ ಆಗ್ಬಹುದು" ಎಂದರು.

"ಏಂ ನಾಯನಾ, ಗಂಟಲಿಗೂ ಗುಂಡಿಗೆಗೂ ಏನು ಸಂಬಂಧ?" ಎಂದು ಅತ್ತೆ ಡಾಕ್ಟರನ್ನು 'ಏನಪ್ಪಾ' ಎನ್ನುವುದನ್ನೂ ತೆಲುಗಿನಲ್ಲೇ ಕೇಳಿದರು.

"ಗಂಟಲಲ್ಲಿರೋ ಗ್ರಂಥಿ ಸೋಮಾರಿ ಆದ್ರೆ ಗುಂಡಿಗೆನೂ ನಿಧಾನ ಆಗುತ್ತೆ, ರಕ್ತದಲ್ಲಿ ಕೊಬ್ಬೂ ಉಳ್ಕೊಳ್ಳುತ್ತೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಸಣ್ಣ ಮಾತ್ರೆ. ಆಮೇಲೆ ಅರ್ಧ ಗಂಟೆ ಕಾಫಿ ಕುಡೀಬಾರ್ದು."

ಅತ್ತೆಯ ಮುಖ ಬಾಡಿದ್ದು ಗುಂಡಿಗೆಯ ಮಾತಿಗಲ್ಲ, ಕಾಫಿಯ ಮಾತಿಗೆ!

ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದರೆ ಒಂದಿಷ್ಟೂ ಸುಧಾರಣೆಯಿಲ್ಲ. ಅತ್ತೆಯ ಮನೆಗೆ ಬಂದು ಮಾತ್ರೆ ಡಬ್ಬಿ ತೆಗೆದೆ. ಮುಕ್ಕಾಲು ಪಾಲು ಮಾತ್ರೆ ಹಾಗೇ ಇದ್ದವು.

"ಯಾಕತ್ತೆ, ತಗೊಂಡೇ ಇಲ್ಲ?"

"ಸುಸ್ತಾದ ದಿನ ಬಿಟ್ಟೆ ಕಣೇ. ಜ್ವರಕ್ಕೆ ಕೂತಾಗ ಯಾರಾದ್ರೂ ಸೊಪ್ಪು ಹಾಕ್ತಾರಾ?"

ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅಂದು ಭಯವಾಯಿತು. ನನಗೆ ಏಳು ವರ್ಷವಿದ್ದಾಗ ಎದೆನೋವೆಂದು ಮಲಗಿದ ಅಮ್ಮ ಮತ್ತೆ ಏಳಲಿಲ್ಲ. ಆಮೇಲೆ ನನಗೆ ಜಡೆ ಹಾಕಿ, ಓದಿಸಿ, ಮದುವೆ ಮಾಡಿದವರು ಈ ಅತ್ತೆಯೇ.

"ಇನ್ನೊಂದು ಸಲ ಅಮ್ಮನ್ನ ಕಳ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ" ಎಂದುಬಿಟ್ಟೆ. ನಾನು ಆ ದಿನ ಅಲ್ಲೇ ಉಳಿದೆ.

ಬೆಳಿಗ್ಗೆ ಅತ್ತೆ ನನ್ನನ್ನು ಎಬ್ಬಿಸಿ, ನನ್ನೆದುರೇ ಮಾತ್ರೆ ನುಂಗಿದರು. "ಅರ್ಧ ಗಂಟೆ ನೀನೂ ಕಾಫಿ ಕುಡೀಬೇಡ. ಬಾ, ಪಕ್ಕದಲ್ಲಿ ಕೂತ್ಕೋ" ಎಂದು ನನ್ನ ಕೈ ಹಿಡಿದುಕೊಂಡರು. ಹುಳುಗಳಿಗೆ ಸೊಪ್ಪು ಹಾಕುವ ಹೊತ್ತು ಮೀರುತ್ತಿತ್ತು. ಅರ್ಧ ಗಂಟೆ ಮುಗಿಯುವವರೆಗೆ ಅತ್ತೆ ಮಾತ್ರ ನನ್ನ ಕೈ ಬಿಟ್ಟು ಏಳಲೇ ಇಲ್ಲ.