ಬದುಕಿ ಉಳಿಯುವ ಪಾತ್ರ

ಬಸವಕಲ್ಯಾಣದಿಂದ ಸಿನಿಮಾಕ್ಕೆ ಹೋದ ನನ್ನ ಪಾಡು ಯಾವತ್ತೂ ಇದೇ. ಊರಿಗೆಲ್ಲ ನಾನು ದೊಡ್ಡ ನಟ, ಸಿನಿಮಾದವರಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಅವ್ವನ ಆಸೆ ಒಂದೇ ಇತ್ತು: ಮಗ ಒಂದು ಸಿನಿಮಾದಲ್ಲಾದರೂ ಕೊನೆಯವರೆಗೆ ಜೀವಂತ ಇರಬೇಕು. ಅದಕ್ಕೆ ಯಾವ ನಿರ್ದೇಶಕರೂ ಒಪ್ಪುತ್ತಿರಲಿಲ್ಲ.

ಬಲಗೈ ಬಂಟ

ಮೊದಲ ಪಾತ್ರ ಖಳನಾಯಕನ ಬಲಗೈ ಬಂಟನದು. ಬಲಗೈ ಎಂದರೆ ದೊಡ್ಡ ಹುದ್ದೆಯೆಂದು ಬೇಸಿಗೆಯಿಡೀ ಮೀಸೆ ಬೆಳೆಸಿದೆ. ನಾಯಕ ಜೀಪಿನ ಬಾಗಿಲು ತೆರೆದ, ಅದು ತಗುಲಿ ನಾನು ಸತ್ತೆ. ನನ್ನನ್ನು ಹೊಡೆಯುವ ವಿಚಾರವೂ ಅವನಿಗಿರಲಿಲ್ಲ. ಹುಮನಾಬಾದಿನ ಟಾಕೀಸಿನಿಂದ ಹೊರಬಂದು ಅವ್ವ ಕೇಳಿದಳು:

"ಬಾಗಲಾ ಬಡದ್ರ ಸಾಯ್ತಾರೇನೋ? ನಮ್ಮ ಮನೀ ಬಾಗಲಾ ದಿನಾ ಬಡೀತದಲ್ಲ ನಿನಗ."

ಹೆಣ

ಆಮೇಲೆ ಬಡ್ತಿ ಸಿಕ್ಕಿತು, ನೇರವಾಗಿ ಹೆಣವಾದೆ. ಮುಡಬಿಯ ಹತ್ತಿರ ಚಿತ್ರೀಕರಣ, ಅಳುವುದಕ್ಕೆ ಊರಿನ ಹಿರಿಯರನ್ನೇ ಕರೆಸಿದ್ದರು. ಬೆಂಗಳೂರಿನ ನಿರ್ದೇಶಕರು ನನ್ನನ್ನು ಅಂಗಾತ ಮಲಗಿಸಿ ಊಟಕ್ಕೆ ಹೋದರು. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವ ಪದ್ಧತಿಯಿಲ್ಲ. ಕೂಡಿಸಿ, ವಿಭೂತಿ ಹಚ್ಚಿ, ಕೂತಂತೆಯೇ ಮಣ್ಣು ಮಾಡುತ್ತಾರೆ. ಹಿರಿಯರಿಗೆ ಸುಮ್ಮನಿರಲಾಗಲಿಲ್ಲ. ನನ್ನನ್ನು ಗೋಡೆಗೆ ಒರಗಿಸಿ ಕೂಡಿಸಿದರು, ಹಣೆ ತುಂಬ ವಿಭೂತಿ ಬಳಿದು ಭಜನೆ ಶುರು ಮಾಡಿದರು. ಭಜನೆ ಚೆನ್ನಾಗಿತ್ತು, ನಾನೂ ತಾಳ ಹಾಕಿದೆ. ಊಟ ಮುಗಿಸಿ ಬಂದ ನಿರ್ದೇಶಕರು ತಲೆ ಮೇಲೆ ಕೈ ಹೊತ್ತರು. ಹಿರಿಯರೊಬ್ಬರು ಸಮಾಧಾನ ಹೇಳಿದರು:

"ನೀವು ಹೊಸಬ್ರು ಇದ್ದೀರಿ ಸಾಹೇಬ್ರ, ಅದಕ್ಕ ನಾವು ಬರೋಬರಿ ಮಾಡಾಕತ್ತೇವ್ರಿ. ಬೇಕಾದ್ರ ಹೆಣಕ್ಕೇ ಕೇಳ್ರಿ."

ಗೋಡೆಯ ಫೋಟೋ

ನನ್ನ ಅತಿ ದೊಡ್ಡ ಪಾತ್ರ ನಾಯಕಿಯ ತೀರಿಹೋದ ಅಪ್ಪನದು. ಸಿನಿಮಾ ಪೂರ್ತಿ ಹಾರ ಹಾಕಿಕೊಂಡು ಗೋಡೆಯ ಮೇಲಿದ್ದೆ. ಆ ಫೋಟೋವನ್ನು ಯಾರೋ ಮೊಬೈಲಿನಲ್ಲಿ ಹರಿಯಬಿಟ್ಟರು. ಅದನ್ನು ನೋಡಿದ ಕೊಹಿನೂರಿನ ಸೋದರಮಾವ, ಸಾವಿನ ಮನೆಯಲ್ಲಿ ಒಲೆ ಹೊತ್ತುವುದಿಲ್ಲವಲ್ಲ ಎಂದು ರೊಟ್ಟಿ, ಪುಂಡಿ ಪಲ್ಯೆಯ ಬುತ್ತಿ ಕಟ್ಟಿಕೊಂಡು ಬಂದರು. ಬಾಗಿಲು ತೆರೆದವನು ನಾನೇ. ಮಾವ ನನ್ನನ್ನು ನೋಡಿದರು, ಬುತ್ತಿಯನ್ನು ನೋಡಿದರು.

"ಬದುಕೀನಿ ಅಂತ ಮೊದಲೇ ಒಂದು ಫೋನ್ ಮಾಡಬಾರದೇನಪ್ಪ? ನಿಮ್ಮತ್ತಿ ನಸುಕಿನಾಗ ಎದ್ದು ರೊಟ್ಟಿ ಬಡದಾಳ."

ಮಾವ ಹೋದ ಮೇಲೆ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕಡೆಗೂ ಉಳಿದೆ

ನಿರ್ದೇಶಕರೊಬ್ಬರಿಗೆ ಗಂಟುಬಿದ್ದು ಬದುಕಿ ಉಳಿಯುವ ಪಾತ್ರ ಗಿಟ್ಟಿಸಿದೆ. ಅವ್ವ ಓಣಿಯವರನ್ನೆಲ್ಲ ಟಂಟಂ ಆಟೋದಲ್ಲಿ ತುಂಬಿಕೊಂಡು ಹುಮನಾಬಾದಿಗೆ ಬಂದಳು. ನಾನು ಕೊನೆಯವರೆಗೂ ಜೀವಂತ ಇದ್ದೆ. ಕೊನೆಯಲ್ಲಿ ತೀರಿಕೊಂಡದ್ದು ನನ್ನ ತಾಯಿಯ ಪಾತ್ರ. ನಾನು ಬಿಕ್ಕಿ ಬಿಕ್ಕಿ ಅಳುತ್ತ ಚಿತೆಗೆ ಬೆಂಕಿ ಇಟ್ಟೆ, ಓಣಿಯವರೂ ಅತ್ತರು. ಮನೆ ಮುಟ್ಟಿದ ಮೇಲೆ ಅವ್ವ ಹೇಳಿದಳು:

"ನೀ ಉಳದಿ, ಚಲೋ ಆತು. ನಾ ಸತ್ತೆ, ಅದಕ್ಕೂ ಹರಕತ್ ಇಲ್ಲ. ಆದ್ರ ಕೂಡಿಸಿ ಮಣ್ಣು ಮಾಡೋದು ಬಿಟ್ಟು ನನ್ನ ಸುಟ್ಟು ಬಂದಿಯಲ್ಲೋ. ಇನ್ನ ಮ್ಯಾಲ ನೀನೇ ಸಾಯಪ್ಪ."