ನನ್ನ ಒಂದೇ ಬೇಜಾರಿಗೆ ಇಷ್ಟೊಂದು ಇಂಗ್ಲಿಷ್ ಕೊಟ್ಟವರಿಗೆ

ಇಂಗ್ಲಿಷ್ ಕಲಿಸುವ ಮೊಬೈಲ್ ಆ್ಯಪ್ ಆಗಿರುವ ಮಾನ್ಯರೇ,

ನನ್ನ ಫೋನಿನ ಬ್ಯಾಟರಿಯನ್ನು ಉಂಡು ತಾವು ಸುಖವಾಗಿರುವಿರೆಂದು ನಂಬಿ, ಕಿಟಕಿ ಪರದೆ ಮಾರುವವನಾದ ನಾನು ತಮ್ಮ ಪುಟ್ಟ ಪರದೆಗೆ ತಲೆಬಾಗಿ ವಂದಿಸುತ್ತೇನೆ.

ಬಟ್ಟೆ ಅಳೆದು ಅಳೆದು ಸವೆದ ನನಗೆ ಅಂಗಡಿಯ ಮೇಲ್ವಿಚಾರಕನಾಗುವ ಆಸೆ ಹುಟ್ಟಿದ್ದೂ, ಸಂದರ್ಶನ ಇಂಗ್ಲಿಷಿನಲ್ಲೇ ಎಂದು ಮಾಲೀಕರು ಹೇಳಿದ್ದೂ, ನಾನು ತಮ್ಮ ಮೊರೆಹೊಕ್ಕಿದ್ದೂ ತಮಗೆ ತಿಳಿದೇ ಇದೆ. ತಾವು ಕೃಪೆಯಿಟ್ಟು ‘ಎದೆಗುಂದಿಸುವ ಸನ್ನಿವೇಶಗಳ ಗುಣವಾಚಕಗಳು’ ಎಂಬ ಪಾಠವನ್ನೇ ಮೊದಲು ತೆರೆದಿರಿ. ಗಿರಾಕಿ ಬಾರದಿದ್ದರೂ, ಹಲ್ಲು ನೋವು ಬಂದರೂ, ಹೆಂಡತಿ ಮಾತು ಬಿಟ್ಟರೂ ‘ಬೇಜಾರು’ ಒಂದರಲ್ಲೇ ಸಂಸಾರ ತೂಗಿಸಿದವನ ಮುಂದೆ ಬ್ಲೀಕ್, ಗ್ರಿಮ್, ಡಿಸ್ಮಲ್, ಡಾಂಟಿಂಗ್, ಡಿಸಪಾಯಿಂಟಿಂಗ್ ಎಂದು ಬಗೆಬಗೆಯ ಬೇಜಾರುಗಳನ್ನು ತಾವು ಹರವಿದಾಗ, ಇದು ನಾನು ಬಟ್ಟೆಯ ಥಾನು ಬಿಚ್ಚಿದ ಹಾಗೆಯೇ ಇದೆಯಲ್ಲ ಎಂದು ಹಿಗ್ಗಿಹೋದೆ. ಮನೆಯಾಕೆ ಮಾತ್ರ, “ಬೇಜಾರಾಯ್ತು ಅಂದ್ರೆ ಮುಗೀತಲ್ಲ, ಅದಕ್ಕೆ ಇಷ್ಟೆಲ್ಲ ಯಾಕ್ರೀ?” ಎಂದಳು. ಅವಳಿಗೇನು ಗೊತ್ತು ಎಂದುಕೊಂಡೆ.

ಹೋದ ಸಲ ಬಡ್ತಿ ಕೈತಪ್ಪಿದಾಗ ಹೇಗನ್ನಿಸಿತೆಂದು ಮಾಲೀಕರು ಸಂದರ್ಶನದಲ್ಲಿ ಕೇಳಿದರು. ನಿರಾಶೆಯಾದವನು ‘ಡಿಸಪಾಯಿಂಟೆಡ್’, ನಿರಾಶೆ ಮಾಡುವವನು ‘ಡಿಸಪಾಯಿಂಟಿಂಗ್’ ಎಂಬ ಬಾಲದ ಭೇದವನ್ನು ತಾವು ಮುಂದಿನ ಪಾಠಕ್ಕೆ ಕಾದಿರಿಸಿದ್ದಿರಿ. ನಾನು ಎದೆಯುಬ್ಬಿಸಿ, “ಸರ್, ಐ ಆಮ್ ವೆರಿ ಡಿಸಪಾಯಿಂಟಿಂಗ್” ಎಂದೆ. ಮಾಲೀಕರು ಕನ್ನಡಕ ತೆಗೆದಿಟ್ಟು, “ನನಗೂ ಹಾಗೇ ಅನ್ಸಿತ್ತು. ನೀವೇ ಒಪ್ಕೊಂಡ್ರಲ್ಲ, ಸಂತೋಷ” ಎಂದರು. ಕೇಳಿದ್ದಕ್ಕೆಲ್ಲ ‘ಓಕೆ ಸರ್’ ಎಂದಷ್ಟೇ ಹೇಳಿದ ಪಕ್ಕದ ಕೌಂಟರಿನವನಿಗೆ ಹುದ್ದೆ ಸಿಕ್ಕಿತು. ಮಾನ್ಯರೇ, ನನಗೆ ಅಳುವೇ ಬಂತು; ತಾವು ಕಲಿಸಿದ ಒಂದು ಪದವೂ ಆಗ ನೆರವಿಗೆ ಬರಲಿಲ್ಲ.

ಆದ್ದರಿಂದ ಮಾಲೀಕರ ಕಿವಿಯೊಳಗಿನ ಆ ‘ಇಂಗ್’ ಅನ್ನು ಬಿಚ್ಚಿ ‘ಎಡ್’ ಹೊಲಿದುಕೊಡಬೇಕೆಂದೂ, ಅದು ಕಷ್ಟವಾದರೆ ಇಂಗ್ಲಿಷರನ್ನೆಲ್ಲ ‘ಬೇಜಾರು’ ಒಂದಕ್ಕೇ ಒಪ್ಪಿಸಬೇಕೆಂದೂ ಸವಿನಯವಾಗಿ ಕೋರುತ್ತೇನೆ.

ಇಷ್ಟಾದರೂ ತಮ್ಮ ವಿಶ್ವಾಸಿ,
ಸ್ವಂತ ಬಾಯಿಂದಲೇ ನಪಾಸಾದ ಪರದೆಯವನು

ತಾ.ಕ.: ಈ ದೂರನ್ನು ಮೊದಲು ಇಂಗ್ಲಿಷಿನಲ್ಲೇ, ‘ಐ ಆಮ್ ವೆರಿ ಡಿಸಪಾಯಿಂಟೆಡ್’ ಎಂದು ತಮಗೆ ಬರೆದು ಕಳಿಸಿದ್ದೆ. ತಾವು ತಕ್ಷಣ ಹಸಿರು ಗುರುತು ಹಾಕಿ, ಉತ್ತರ ಸರಿ, ಶಹಬ್ಬಾಸ್ ಎಂದಿರಿ. ಮನೆಯಾಕೆಗೆ ತೋರಿಸಿದೆ. “ಅಂತೂ ಪಾಸಾದ್ರಲ್ಲ” ಎಂದಳು.